ಡಯಲ್‌ನ ಬಣ್ಣಕ್ಕೆ ಅಷ್ಟೊಂದು ದುಡ್ಡೇಕೆ?

ಈ ಸಲದ ಮದುವೆ ಹಂಗಾಮಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆ. ವರನಿಗೆ ಉಂಗುರ ತೊಡಿಸಿದ ಮೇಲೆ ಹೆಣ್ಣಿನ ಕಡೆಯವರು ವಾಚಿನ ಡಬ್ಬಿ ತೆರೆದರು. ಹತ್ತಿರ ಕುಳಿತವರೆಲ್ಲ ಕತ್ತು ಚಾಚಿದರು. ಸೀರೆ ಅಂಗಡಿಯಲ್ಲಿ ಫಿರೋಜಿ ಎಂದು ಕರೆಯುವ, ಹಸಿರು ಬೆರೆತ ತಿಳಿನೀಲಿ ಬಣ್ಣ ವಾಚಿನ ಮುಖದ ತುಂಬ ಹರಡಿತ್ತು. ಕರಿ, ಬಿಳಿ, ಹೆಚ್ಚೆಂದರೆ ಬಂಗಾರದ ಬಣ್ಣದ ಡಯಲ್‌ಗಳನ್ನು ಕಂಡು ಬೆಳೆದ ಹಿರಿಯರಿಗೆ ಅದು ಮಕ್ಕಳ ವಾಚಿನಂತೆ ಕಂಡಿತು. ಬೆಲೆ ಕೇಳಿದ ಮೇಲೆ ಎಲ್ಲರೂ ಇನ್ನೊಮ್ಮೆ ನೋಡಿದರು.

ನನ್ನ ಸೋದರಮಾವ ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದರು. "ಅದೇ ಕಂಪನಿ, ಅದೇ ಮಷಿನ್. ಆದರೂ ಕರಿ ಮುಖದ್ದಕ್ಕಿಂತ ಬಣ್ಣದ್ದಕ್ಕೆ ಹೊರಗಿನ ಮರುಮಾರಾಟದ ಪೇಟೆಯಲ್ಲಿ ಹೆಚ್ಚಿನ ದರ ಎನ್ನುತ್ತಾರಲ್ಲ, ಆ ಬಣ್ಣದಲ್ಲಿ ಅಂಥದ್ದೇನಿದೆ?" ಎಂದು ಕೇಳಿದರು.

"ಮಾಮಾ, ನೀವು ಮಾರುವುದೂ ಬಣ್ಣವನ್ನೇ ಅಲ್ಲವೇ?" ಎಂದೆ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಕೆಂಪು ಸತ್ವ ಅಡುಗೆಗೆ ಮಾತ್ರವಲ್ಲ, ಲಿಪ್‌ಸ್ಟಿಕ್‌ಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಬಣ್ಣದ ಗಾಢತೆಯನ್ನು ಪ್ರಯೋಗಾಲಯದಲ್ಲಿ ಅಳೆದು ದರ ಕಟ್ಟುವ ಪದ್ಧತಿಯೂ ಇದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಯಿಯ ಬಣ್ಣ ಒಳಗಿನಿಂದ ಬಂದದ್ದು. ಮೇಲಿನಿಂದ ಬಣ್ಣ ಹಚ್ಚಿದ ಕಾಯಿಯನ್ನು ನಾನು ಮುಟ್ಟುವುದಿಲ್ಲ. ಈ ವಾಚಿಗೆ ಬಣ್ಣ ಎಲ್ಲಿಂದ ಬಂತು?" ಎಂದರು.

ಬಣ್ಣದ ಡಯಲ್‌ಗಳ ಸಂಗ್ರಹಕ್ಕೆ ಇಳಿಯುವ ಪ್ರತಿಯೊಬ್ಬರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಹಳೆಯ ವಾಚುಗಳನ್ನು ಬಿಚ್ಚಿಸಿ ನೋಡುವ ಹವ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಅಂದು ಪಂಕ್ತಿಯಲ್ಲಿ ಪೂರ್ತಿ ಹೇಳಲಾಗದ ಉತ್ತರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮುಖದ ಹಿಂದೆ ಏನಿದೆ

ಕೈಗಡಿಯಾರದ ಗಾಜಿನ ಕೆಳಗೆ ಕಾಣುವ ಬಿಲ್ಲೆಯೇ ಡಯಲ್. ಅದರ ಮೇಲೆ ಮುಳ್ಳುಗಳು, ಅದರ ಕೆಳಗೆ ಯಂತ್ರ. ಯಂತ್ರವನ್ನು ವಾಚಿನವರು ಮಷಿನ್ ಎನ್ನುತ್ತಾರೆ. ಎಲ್ಲವನ್ನೂ ಹಿಡಿದಿಡುವ ಲೋಹದ ಕವಚ ಕೇಸ್.

ಮಷಿನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸ್ಪ್ರಿಂಗ್‌ನ ಬಲದಿಂದ ನಡೆಯುವ ಯಾಂತ್ರಿಕ ಗಡಿಯಾರ. ಅದಕ್ಕೆ ಕೀ ಕೊಡಬೇಕು, ಇಲ್ಲವೇ ಕೈಯ ಅಲುಗಾಟದಿಂದ ತಾನೇ ಕೀ ಸುತ್ತಿಕೊಳ್ಳುವ ಏರ್ಪಾಡು ಇರುತ್ತದೆ. ಇನ್ನೊಂದು ಸೆಲ್ ಹಾಕುವ ಕ್ವಾರ್ಟ್ಜ್. ಅದರಲ್ಲಿ ಪುಟ್ಟ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸಿ ಕಾಲವನ್ನು ಅಳೆಯುತ್ತದೆ. ಸಮಯ ತಪ್ಪದೆ ತೋರಿಸುವುದರಲ್ಲಿ ಸಾವಿರ ರೂಪಾಯಿಯ ಕ್ವಾರ್ಟ್ಜ್ ವಾಚೇ ಲಕ್ಷಗಟ್ಟಲೆಯ ಯಾಂತ್ರಿಕ ವಾಚಿಗಿಂತ ಮುಂದು. ದುಬಾರಿ ವಾಚನ್ನು ಕೊಳ್ಳುವವರು ದುಡ್ಡು ಕೊಡುವುದು ಅದರಲ್ಲಿ ತುಂಬಿರುವ ಕೈಕೆಲಸಕ್ಕೆ. ಆ ಕೈಕೆಲಸ ಕಣ್ಣಿಗೆ ಮೊದಲು ಬೀಳುವುದು ಡಯಲ್ ಮೇಲೆ.

ಡಯಲ್ ಎಷ್ಟು ಸಣ್ಣ ವಸ್ತು ಎಂಬುದು ನನಗೆ ತಿಳಿದದ್ದು ಹುಬ್ಬಳ್ಳಿಯ ದಾಜಿಬಾನ ಪೇಟೆಯ ವಾಚ್ ರಿಪೇರಿ ಅಂಗಡಿಯೊಂದರಲ್ಲಿ. ಅಪ್ಪನ ಎಚ್‌ಎಂಟಿ ಜನತಾ ನಿಂತುಹೋಗಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಕಾಕಾ ಹಿಂದಿನ ಮುಚ್ಚಳ ತೆಗೆದರು, ಮಷಿನ್ ಹೊರಗೆ ಎತ್ತಿದರು, ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಬಿಳಿ ಕಾಗದದ ಮೇಲೆ ಇಟ್ಟರು. ಬದಿಯ ಎರಡು ಚಿಕ್ಕ ಸ್ಕ್ರೂ ಸಡಿಲಿಸಿದ್ದೇ ತಡ, ಡಯಲ್ ಕಳಚಿ ಬಂತು. ಪೋಸ್ಟ್ ಕಾರ್ಡಿಗಿಂತ ತುಸು ದಪ್ಪನೆಯ ಹಿತ್ತಾಳೆಯ ಬಿಲ್ಲೆ. ಹಿಂಭಾಗದಲ್ಲಿ ಗುಂಡುಸೂಜಿಯಷ್ಟು ಸಣ್ಣ ಎರಡು ಕಾಲುಗಳು. ಅವು ಮಷಿನ್‌ನ ತೂತುಗಳಲ್ಲಿ ಕೂರುತ್ತವೆ. ಹಿಂಬದಿಗೆ ಯಾವ ಬಣ್ಣವೂ ಇಲ್ಲ, ಬರಿಯ ಲೋಹ. ಮುಂಬದಿಯ ಕೆನೆಬಣ್ಣ ಆರರ ಅಂಕೆಯ ಹತ್ತಿರ ಚಹಾದ ಕಲೆಯಂತೆ ಕಂದಿತ್ತು. ಇಷ್ಟೇ ಜಾಗದಲ್ಲಿ, ಇಷ್ಟೇ ದಪ್ಪದಲ್ಲಿ ಬಣ್ಣದ ಎಲ್ಲ ಆಟವೂ ನಡೆಯಬೇಕು.

ಲೇಪ, ಲ್ಯಾಕರ್, ಆವಿ

ಹೆಚ್ಚಿನ ಬಣ್ಣದ ಡಯಲ್‌ಗಳು ಹಿತ್ತಾಳೆಯ ಬಿಲ್ಲೆಯಿಂದಲೇ ಶುರುವಾಗುತ್ತವೆ. ಅದಕ್ಕೆ ಬಣ್ಣ ಬರುವ ದಾರಿಗಳು ಬೇರೆಬೇರೆ.

ಹಳೆಯ ದಾರಿ ವಿದ್ಯುತ್ ಲೇಪನ. ತಾಮ್ರದ ಒಡವೆಗೆ ಬಂಗಾರದ ನೀರು ಹಾಕಿಸುವುದನ್ನು ನೀವು ನೋಡಿರಬಹುದು. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಲೋಹದ ತೆಳು ಪದರ ಅಂಟಿಕೊಳ್ಳುತ್ತದೆ. ಇದಕ್ಕೆ ಮೊದಲೇ ಬಿಲ್ಲೆಯ ನಡುವಿನಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆಗಳನ್ನು ಉಜ್ಜಿರುತ್ತಾರೆ. ಹೊಸ ಸ್ಟೀಲ್ ಪಾತ್ರೆಯ ತಳವನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಬೀಸಣಿಗೆಯಾಕಾರದ ಹೊಳಪೊಂದು ಸುತ್ತುತ್ತದಲ್ಲ, ಇಲ್ಲಿಯೂ ಹಾಗೆಯೇ. ಇಂಥ ಡಯಲ್‌ಗೆ ಸನ್‌ರೇ ಎನ್ನುತ್ತಾರೆ, ಸೂರ್ಯಕಿರಣ ಎಂದರ್ಥ. ಮಣಿಕಟ್ಟು ಹೊರಳಿದಂತೆ ಅದೇ ನೀಲಿ ಒಮ್ಮೆ ಕಪ್ಪಾಗಿ, ಒಮ್ಮೆ ಆಕಾಶದಂತೆ ಕಾಣುತ್ತದೆ.

ಎರಡನೆಯದು ಲ್ಯಾಕರ್. ಅಂದು ನಿಶ್ಚಿತಾರ್ಥದಲ್ಲಿ ಕಂಡದ್ದು ಇದೇ. ಉಗುರುಬಣ್ಣದ ದೂರದ ನೆಂಟ ಎಂದುಕೊಳ್ಳಿ. ತೆಳುವಾಗಿ ಸಿಂಪಡಿಸುತ್ತಾರೆ, ಒಣಗಿಸುತ್ತಾರೆ, ಮತ್ತೆ ಸಿಂಪಡಿಸುತ್ತಾರೆ. ಹಲವು ಪದರಗಳಾದ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. ಬಣ್ಣಕ್ಕೆ ಆಳ ಬರುವುದು ಈ ಉಜ್ಜುವಿಕೆಯಲ್ಲಿ. ಗದಗದ ಹತ್ತಿರ ಲಕ್ಕುಂಡಿಯ ಗುಡಿಗಳಲ್ಲಿ ತಿರುಗಣೆಗೆ ಹಾಕಿ ನುಣುಪಾಗಿಸಿದ ಕಂಬಗಳಿವೆ. ಕಲ್ಲು ಅದೇ ಬಳಪದ ಕಲ್ಲು. ನುಣುಪಾದಲ್ಲಿ ಕಪ್ಪಗೆ ಮಿನುಗುತ್ತದೆ, ಒರಟಾಗಿ ಬಿಟ್ಟಲ್ಲಿ ಬೂದಿಯಂತೆ ಕಾಣುತ್ತದೆ. ಲ್ಯಾಕರ್ ಡಯಲ್‌ನ ಕಥೆಯೂ ಅಷ್ಟೇ.

ಲ್ಯಾಕರ್‌ನ ನಿಜವಾದ ಕಷ್ಟ ಒಂದೇ ಬಣ್ಣವನ್ನು ಸಾವಿರ ಸಲ ತರುವುದು. ಕಳೆದ ವರ್ಷ ಮಾಡಿದ ಹಳದಿಗೂ ಈ ವರ್ಷದ ಹಳದಿಗೂ ಎಳ್ಳಷ್ಟೂ ವ್ಯತ್ಯಾಸ ಇರಬಾರದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಕೇಂದ್ರದ ಕೆಲಸ ಬಲ್ಲವರಿಗೆ ಇದರ ಬಿಗಿ ಗೊತ್ತು. ಅಲ್ಲಿ ಕೇಸರಿ, ಹಸಿರುಗಳು ಮಾನಕ ಬ್ಯೂರೋ ಗೊತ್ತುಮಾಡಿದ ಛಾಯೆಗೆ ಹೊಂದದಿದ್ದರೆ ಬಟ್ಟೆ ಎಷ್ಟು ಚೆನ್ನಾಗಿದ್ದರೂ ಧ್ವಜವಾಗುವುದಿಲ್ಲ. ದೊಡ್ಡ ಗಡಿಯಾರ ಕಂಪನಿಗಳೂ ಡಯಲ್‌ಗಳನ್ನು ಹಾಗೆಯೇ ತಿರಸ್ಕರಿಸುತ್ತವೆ.

ಮೂರನೆಯದು ಆವಿ. ಗಾಳಿಯನ್ನೆಲ್ಲ ಹೊರಗೆಳೆದ ಪೆಟ್ಟಿಗೆಯೊಳಗೆ ಲೋಹವನ್ನು ಆವಿಯಾಗಿಸಿ ಡಯಲ್ ಮೇಲೆ ಕೂರಿಸುತ್ತಾರೆ. ಪದರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳುವಾಗಿರಬಹುದು. ಪಿವಿಡಿ ಎಂಬ ಮೂರಕ್ಷರ ಕಂಡರೆ ಇದೇ ಎಂದು ತಿಳಿಯಿರಿ.

ಫ್ಯೂಮೆ ಎಂಬ ಮಾತೂ ಕಿವಿಗೆ ಬೀಳುತ್ತದೆ. ಫ್ರೆಂಚ್‌ನಲ್ಲಿ ಹೊಗೆ ಹಿಡಿದದ್ದು ಎಂದು. ನಡುವೆ ತಿಳಿ, ಅಂಚಿಗೆ ಹೋದಂತೆ ಕಪ್ಪು. ಕಂದೀಲಿನ ಗಾಜಿಗೆ ಮಸಿ ಹಿಡಿದ ಹಾಗೆ. ಸ್ವಿಟ್ಜರ್ಲೆಂಡಿನ ಎಚ್. ಮೋಸರ್ ಕಂಪನಿ ಇದಕ್ಕೆ ಹೆಸರಾಗಿದೆ.

ಬಣ್ಣದ ಮೇಲೆ ಅಕ್ಷರ ಬರುವುದು ಹೇಗೆ? ತಟ್ಟೆಯಲ್ಲಿ ಕೊರೆದ ಅಕ್ಷರಗಳಿಗೆ ಶಾಯಿ ತುಂಬಿ, ಸಿಲಿಕೋನ್‌ನ ಮೆತ್ತನೆಯ ಉಂಡೆಯನ್ನು ಅದರ ಮೇಲೆ ಒತ್ತಿ, ಆ ಉಂಡೆಯನ್ನು ಡಯಲ್ ಮೇಲೆ ಒತ್ತುತ್ತಾರೆ. ಗದಗದ ಮುದ್ರಣಾಲಯದವರಿಗೆ ಇದು ಕೂಡಲೇ ಅರ್ಥವಾದೀತು. ಒಳ್ಳೆಯ ಡಯಲ್‌ನಲ್ಲಿ ಈ ಅಕ್ಷರಗಳ ಅಂಚು ಭೂತಗನ್ನಡಿಯಲ್ಲೂ ಚೂಪಾಗಿ ಕಾಣುತ್ತದೆ. ಈ ಮಾತು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬೆಂಕಿಯಲ್ಲಿ ಬೆಂದ ಬಣ್ಣ

ಎನಾಮೆಲ್ ಎಂದೊಡನೆ ನಮಗೆ ನೆನಪಾಗುವುದು ಹಾರ್ಡ್‌ವೇರ್ ಅಂಗಡಿಯ ಡಬ್ಬಿ, ಕಿಟಕಿಯ ಸರಳಿಗೆ ಬಳಿಯುವ ಬಣ್ಣ. ಗಡಿಯಾರದ ಎನಾಮೆಲ್‌ಗೂ ಅದಕ್ಕೂ ಸಂಬಂಧವಿಲ್ಲ. ಇದು ಗಾಜು. ಒಡವೆಯ ಮೇಲಿನ ಮೀನಾ ಕೆಲಸ ಇದರ ಒಡಹುಟ್ಟು.

ಗಾಜನ್ನು ನುಣ್ಣಗೆ ಪುಡಿಮಾಡಿ, ತೊಳೆದು, ತಾಮ್ರದ ಅಥವಾ ಬಂಗಾರದ ಬಿಲ್ಲೆಯ ಮೇಲೆ ಹರಡುತ್ತಾರೆ. ರಂಗೋಲಿ ಪುಡಿಯನ್ನು ಜರಡಿಯಿಂದ ಉದುರಿಸುವಷ್ಟು ಸಮನಾಗಿ ಬೀಳಬೇಕು. ಆಮೇಲೆ 800 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಕಾವಿನ ಕುಲುಮೆಗೆ. ಪುಡಿ ಕರಗಿ, ಹರಿದು, ಗಾಜಿನ ಚರ್ಮವಾಗುತ್ತದೆ. ಹೊರತೆಗೆದು ಆರಿಸಿ ಮತ್ತೊಂದು ಪದರ, ಮತ್ತೆ ಕುಲುಮೆ. ಇದನ್ನು ಹಲವು ಸಲ ಮಾಡಬೇಕು. ಫ್ರೆಂಚರು ಇದನ್ನು ಗ್ರಾಂ ಫೂ ಎನ್ನುತ್ತಾರೆ. ದೊಡ್ಡ ಬೆಂಕಿ ಎಂದರ್ಥ.

ಕೆಡುವುದಕ್ಕೆ ಇಲ್ಲಿ ನೂರು ದಾರಿಗಳಿವೆ. ಒಂದು ಧೂಳಿನ ಕಣ ಸೇರಿದರೆ ಕಪ್ಪು ಚುಕ್ಕೆ. ಗಾಳಿಯ ಗುಳ್ಳೆ ಉಳಿದರೆ ಸಣ್ಣ ಕುಳಿ. ಕಾದಾಗ ಲೋಹ ಹಿಗ್ಗುವ ಪ್ರಮಾಣ ಬೇರೆ, ಗಾಜಿನದು ಬೇರೆ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂಬುದು ಎಲ್ಲ ಮನೆಯಲ್ಲೂ ಗೊತ್ತು. ಹಾಗಾಗದಿರಲೆಂದು ಬಿಲ್ಲೆಯ ಹಿಂಬದಿಗೂ ಎನಾಮೆಲ್ ಹಾಕುತ್ತಾರೆ; ಎರಡೂ ಕಡೆಯ ಎಳೆತ ಸಮನಾದರೆ ಬಿಲ್ಲೆ ಡೊಂಕಾಗುವುದಿಲ್ಲ. ಇಷ್ಟೆಲ್ಲ ಆಗಿ ಕೊನೆಯ ಸುಡುವಿಕೆಯಲ್ಲಿ ಬಿರುಕು ಬಿಟ್ಟರೆ ಮೊದಲಿನಿಂದ ಶುರು ಮಾಡಬೇಕು. ಎನಾಮೆಲ್ ಡಯಲ್‌ನ ಬೆಲೆಯಲ್ಲಿ ಒಡೆದುಹೋದ ಡಯಲ್‌ಗಳ ಬೆಲೆಯೂ ಸೇರಿರುತ್ತದೆ.

ಬಣ್ಣ ಕೊಡುವುದು ಗಾಜಿಗೆ ಬೆರೆಸಿದ ಲೋಹದ ಅಂಶ. ಕೋಬಾಲ್ಟ್ ನೀಲಿಯನ್ನು, ತಾಮ್ರ ಹಸಿರನ್ನು, ತವರ ಹಾಲಿನಂಥ ಬಿಳಿಯನ್ನು ಕೊಡುತ್ತದೆ. ಮಾಣಿಕ್ಯದ ಕೆಂಪಿಗೆ ಅತಿ ಸೂಕ್ಷ್ಮ ಬಂಗಾರದ ಕಣಗಳನ್ನು ಬಳಸುತ್ತಾರೆ. ಈ ಬಣ್ಣ ಗಾಜಿನ ಒಳಗೇ ಇರುವುದರಿಂದ ಬಿಸಿಲಿಗೆ ಮಾಸುವುದಿಲ್ಲ. ಇನ್ನೂರು ವರ್ಷ ಹಳೆಯ ಜೇಬುಗಡಿಯಾರಗಳ ಎನಾಮೆಲ್ ಮುಖ ಇಂದಿಗೂ ಅಚ್ಚಬಿಳಿಯಾಗಿ ಉಳಿದಿರುವುದು ಇದೇ ಕಾರಣಕ್ಕೆ. ಮಾವ ಹೇಳಿದ "ಒಳಗಿನಿಂದ ಬಂದ ಬಣ್ಣ"ಕ್ಕೆ ಡಯಲ್‌ಗಳ ಲೋಕದಲ್ಲಿ ಬಹಳ ಹತ್ತಿರದ್ದು ಇದು. ನನ್ನ ಕಣ್ಣಿಗೆ ಅತ್ಯಂತ ಚೆಂದದ್ದೂ ಇದೇ.

ಬಣ್ಣವನ್ನೇ ಬಳಸದೆ ಬರುವ ಬಣ್ಣ

ಹಳೆಯ ಒಳ್ಳೆಯ ಗಡಿಯಾರಗಳಲ್ಲಿ ನೀಲಿ ಮುಳ್ಳುಗಳನ್ನು ನೋಡಿರಬಹುದು. ಅವಕ್ಕೆ ನೀಲಿ ಬಳಿದಿರುವುದಿಲ್ಲ. ನುಣುಪಾದ ಉಕ್ಕಿನ ಮುಳ್ಳನ್ನು ಹಿತ್ತಾಳೆಯ ಪುಡಿಯ ಮೇಲಿಟ್ಟು ನಿಧಾನ ಕಾಯಿಸುತ್ತಾರೆ. ಮೊದಲು ಒಣಹುಲ್ಲಿನ ಹಳದಿ ಬರುತ್ತದೆ, ಆಮೇಲೆ ಕಂದು, ಆಮೇಲೆ ಬದನೆಕಾಯಿಯ ನೇರಳೆ. ಕಾವು 300 ಡಿಗ್ರಿಯ ಆಸುಪಾಸಿಗೆ ಬಂದಾಗ ಆಳವಾದ ನೀಲಿ ಮೂಡುತ್ತದೆ. ಆ ಕ್ಷಣಕ್ಕೆ ತೆಗೆಯಬೇಕು. ತುಸು ತಡವಾದರೆ ನೀಲಿ ಬಿಳಿಚಿಕೊಂಡು ಬೂದಿಬಣ್ಣಕ್ಕೆ ತಿರುಗುತ್ತದೆ. ಮೇಲ್ಮೈಯಲ್ಲಿ ಹುಟ್ಟುವ ಆಕ್ಸೈಡ್ ಪದರದ ದಪ್ಪ ಹೆಚ್ಚಿದಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಹಿಂದಿರುಗುತ್ತದೆ, ಅಷ್ಟೇ. ಮಳೆ ನಿಂತ ಮೇಲೆ ಬಸ್ ನಿಲ್ದಾಣದ ನೆಲದ ನೀರಿನಲ್ಲಿ ತೇಲುವ ಎಣ್ಣೆಗೆ ಕಾಮನಬಿಲ್ಲಿನ ಬಣ್ಣ ಬರುವುದೂ ಹೀಗೆಯೇ.

ಜಪಾನಿನ ಗ್ರ್ಯಾಂಡ್ ಸೈಕೊ ಕಂಪನಿಯ ಸ್ನೋಫ್ಲೇಕ್ ಎಂಬ ಹೆಸರಾಂತ ಡಯಲ್ ಗಾಳಿ ಗೀರಿದ ಹಿಮದಂತೆ ಕಾಣುತ್ತದೆ. ಅದರ ಬಿಳಿ ಕೂಡ ಬಿಳಿ ಬಣ್ಣ ಬಳಿದದ್ದಲ್ಲ; ಒತ್ತಿ ಮೂಡಿಸಿದ ನಯವಾದ ಏರುತಗ್ಗುಗಳ ಮೇಲೆ ಬೆಳ್ಳಿಯ ಲೇಪ.

ಕಲ್ಲಿನ ಡಯಲ್‌ಗಳೂ ಇವೆ. ಮ್ಯಾಲಕೈಟ್‌ನ ಹಸಿರು, ಲಾಪಿಸ್ ಲಾಜುಲಿಯ ಕಡುನೀಲಿ, ಹುಲಿಕಣ್ಣಿನ ಕಂದು. ಇವನ್ನು ಒಂದು ಮಿಲಿಮೀಟರಿಗೂ ತೆಳುವಾಗಿ ಸೀಳಿ, ನಡುವೆ ತೂತು ಕೊರೆಯುವಾಗ ಬಹಳಷ್ಟು ಒಡೆದುಹೋಗುತ್ತವೆ. 1960ರ ದಶಕದಲ್ಲಿ ಪಿಯಾಜೆ ಕಂಪನಿ ಇಂಥ ಡಯಲ್‌ಗಳಿಗೆ ಹೆಸರಾಯಿತು. ಕಬ್ಬಿಣದ ಉಲ್ಕೆಯನ್ನು ಸೀಳಿ ಆಮ್ಲದಲ್ಲಿ ತೊಳೆದರೆ ಬಿದಿರಿನ ಚಾಪೆ ಹೆಣೆದಂಥ ವಿನ್ಯಾಸ ಕಾಣಿಸಿಕೊಳ್ಳುತ್ತದೆ. ಆಕಾಶದಲ್ಲಿ ಲಕ್ಷಾಂತರ ವರ್ಷ ನಿಧಾನವಾಗಿ ತಣಿದ ಲೋಹದಲ್ಲಿ ಮಾತ್ರ ಅದು ಸಿಗುತ್ತದೆ. ಕಲ್ಲು, ಉಲ್ಕೆಗಳ ಡಯಲ್‌ಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಸಂಗ್ರಹಕಾರರಿಗೆ ಅದೇ ಸೆಳೆತ.

ಅಂದು ಯಾರಿಗೂ ಬೇಡವಾದದ್ದು

ಇಷ್ಟು ಹೇಳಿದರೂ ಮಾವನ ಪ್ರಶ್ನೆಯ ಅರ್ಧ ಉಳಿಯುತ್ತದೆ. ಕರಿ ಲ್ಯಾಕರ್‌ಗೂ ಫಿರೋಜಿ ಲ್ಯಾಕರ್‌ಗೂ ಕೆಲಸ ಹೆಚ್ಚುಕಡಿಮೆ ಒಂದೇ. ಹಾಗಾದರೆ ಹೊರಗಿನ ಪೇಟೆಯಲ್ಲಿ ದರ ಏಕೆ ಬೇರೆ?

1970ರ ದಶಕದಲ್ಲಿ ರೋಲೆಕ್ಸ್ ತನ್ನ ಡೇ-ಡೇಟ್ ಎಂಬ ಬಂಗಾರದ ವಾಚಿಗೆ ಕಡುಗೆಂಪು, ಗುಲಾಬಿ, ಹಸಿರು, ಫಿರೋಜಿ ಲ್ಯಾಕರ್ ಡಯಲ್‌ಗಳನ್ನು ಹಾಕಿತು. ಸ್ಟೆಲ್ಲಾ ಡಯಲ್ ಎಂದು ಅವನ್ನು ಕರೆಯುತ್ತಾರೆ. ಬಂಗಾರದ ವಾಚು ಗಂಭೀರವಾಗಿರಬೇಕು ಎನ್ನುತ್ತಿದ್ದ ಕಾಲ ಅದು. ಆಗ ಅವಕ್ಕೆ ಗಿರಾಕಿಗಳು ಕಡಿಮೆ, ಹಾಗಾಗಿ ಉಳಿದವೂ ಕಡಿಮೆ. ಇಂದು ಅವೇ ಅತಿ ಬೇಡಿಕೆಯ ವಸ್ತುಗಳು. ರೋಲೆಕ್ಸ್ ಡೇಟೋನಾದ ಎರಡು ಮೂರು ಬಣ್ಣ ಬೆರೆತ ಡಯಲ್‌ಗಳೂ 1960ರ ದಶಕದಲ್ಲಿ ಅಂಗಡಿಯಲ್ಲಿ ಬಹುಕಾಲ ಕುಳಿತಿದ್ದವು. ನಟ ಪಾಲ್ ನ್ಯೂಮನ್ ಕಟ್ಟಿಕೊಳ್ಳುತ್ತಿದ್ದ ಅಂಥದೊಂದು ವಾಚು 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಅದರಲ್ಲಿ ನಟನ ಹೆಸರಿನ ಪಾಲೇ ದೊಡ್ಡದು, ನಿಜ. ಆದರೆ ಅದೇ ಬಗೆಯ ಡಯಲ್ ಇರುವ ಬೇರೆ ಡೇಟೋನಾಗಳೂ ಸಾದಾ ಡಯಲ್‌ನ ಜೊತೆಗಾರರಿಗಿಂತ ಬಹಳ ದುಬಾರಿ.

ಈಚಿನ ಅಲೆ ಎದ್ದದ್ದು 2020ರ ಸೆಪ್ಟೆಂಬರ್‌ನಲ್ಲಿ. ರೋಲೆಕ್ಸ್ ತನ್ನ ಅತಿ ಸರಳ ಸ್ಟೀಲ್ ಮಾದರಿಯಾದ ಆಯ್ಸ್ಟರ್ ಪರ್ಪೆಚುವಲ್‌ಗೆ ಹಳದಿ, ಹವಳದ ಕೆಂಪು, ಹಸಿರು, ಗುಲಾಬಿ, ಫಿರೋಜಿ ಲ್ಯಾಕರ್ ಹಾಕಿ ಬಿಟ್ಟಿತು. ಕಂಪನಿಯ ಬೆಲೆಪಟ್ಟಿಯಲ್ಲಿ ಎಲ್ಲ ಬಣ್ಣಕ್ಕೂ ಒಂದೇ ದರ. ಆದರೆ ಬೇಕೆಂದವರಿಗೆಲ್ಲ ಸಿಗುವಷ್ಟು ವಾಚು ಅಂಗಡಿಯಲ್ಲಿ ಇರಲಿಲ್ಲ. ಸಿಕ್ಕವರು ಮರುಮಾರಾಟಕ್ಕೆ ಇಟ್ಟರು, ಫಿರೋಜಿಯ ದರ ಕಂಪನಿಯ ಬೆಲೆಯ ಹಲವು ಪಟ್ಟು ಆಯಿತು. 2022ರಲ್ಲಿ ದೊಡ್ಡ ಅಳತೆಯಲ್ಲಿ ಹಳದಿಯನ್ನೂ ಹವಳದ ಕೆಂಪನ್ನೂ ಕಂಪನಿ ನಿಲ್ಲಿಸಿತು.

ನಡುವೆ ಇನ್ನೊಂದು ಘಟನೆ. ಸ್ವಿಸ್ ಗಡಿಯಾರ ಕಂಪನಿ ಪಟೇಕ್ ಫಿಲಿಪ್ ಮತ್ತು ಅಮೆರಿಕದ ಆಭರಣ ಮಳಿಗೆ ಟಿಫನಿ 1851ರಿಂದ ವ್ಯಾಪಾರದ ನಂಟರು. ಆ ನಂಟಿಗೆ 170 ವರ್ಷ ತುಂಬಿದಾಗ, ಟಿಫನಿಯ ಡಬ್ಬಿಗಳ ತಿಳಿನೀಲಿಯಲ್ಲೇ ಪಟೇಕ್‌ನ ನಾಟಿಲಸ್ ಎಂಬ ಮಾದರಿಯ 170 ವಾಚುಗಳನ್ನು ಮಾಡಿದರು. 2021ರ ಡಿಸೆಂಬರ್‌ನಲ್ಲಿ ಅದರಲ್ಲೊಂದು 65 ಲಕ್ಷ ಡಾಲರ್‌ಗೆ ಹರಾಜಾಯಿತು. ಆ ಹಣ ಪರಿಸರ ಸಂರಕ್ಷಣೆಯ ಸಂಸ್ಥೆಗೆ ಹೋಗುವುದಿತ್ತು. ಕೂಗಿದವರು ದಾನವೆಂದೂ ಕೂಗಿರಬೇಕು ಎಂಬುದನ್ನು ಸೇರಿಸಿಯೇ ಆ ಮೊತ್ತವನ್ನು ಓದಬೇಕು. ಅಲ್ಲಿಂದಾಚೆ ಯಾವ ಕಂಪನಿಯ ಫಿರೋಜಿ ಡಯಲ್ ಕಂಡರೂ ಜನ ಟಿಫನಿ ಎನ್ನುತ್ತಾರೆ. ಟಿಫನಿಗೂ ರೋಲೆಕ್ಸ್‌ನ ಫಿರೋಜಿಗೂ ಯಾವ ಸಂಬಂಧವೂ ಇಲ್ಲ. ಮಾರುವವರು ಆ ಹೆಸರು ಹೇಳಿ ದರ ಏರಿಸಿದರೆ ಒಪ್ಪಬೇಕಿಲ್ಲ.

2022ರ ಮಾರ್ಚ್ 26ರಂದು ಸ್ವಾಚ್ ಮತ್ತು ಒಮೇಗಾ ಎಂಬ ಸ್ವಿಸ್ ಕಂಪನಿಗಳು ಸೇರಿ ಮೂನ್‌ಸ್ವಾಚ್ ಎಂಬ ವಾಚು ಬಿಟ್ಟಾಗ ಬಣ್ಣದ ಹುಚ್ಚು ಕಾಲೇಜು ಹುಡುಗರವರೆಗೂ ಇಳಿಯಿತು. ಸೂರ್ಯ, ಚಂದ್ರ, ಗ್ರಹಗಳ ಹೆಸರಿನ ಹನ್ನೊಂದು ಬಣ್ಣಗಳು, 260 ಡಾಲರ್ ಬೆಲೆ, ಊರೂರಲ್ಲಿ ಅಂಗಡಿಯ ಮುಂದೆ ಸಾಲು. ಅದರ ಕೇಸ್‌ನಲ್ಲಿ ಮೂರನೆಯ ಒಂದು ಭಾಗ ಔಡಲ ಎಣ್ಣೆಯಿಂದ ಬಂದ ಪದಾರ್ಥ ಎಂಬುದು ಔಡಲ ಬೆಳೆಯುವ ನಮ್ಮ ಕಡೆಯವರಿಗೆ ಹಿಡಿಸುವ ಸಂಗತಿ.

ಎಲ್ಲ ದರವೂ ಹೀಗೆಯೇ ಏರುತ್ತಿರುತ್ತದೆ ಎಂದು ನಂಬಿದವರು ಪೆಟ್ಟು ತಿಂದರು. 2022ರ ಮೊದಲ ತಿಂಗಳುಗಳಲ್ಲಿ ತುದಿ ಮುಟ್ಟಿದ್ದ ಮರುಮಾರಾಟದ ದರಗಳು ಆಮೇಲೆ ಇಳಿದವು. ಬೇಡಿಕೆಯಿಂದ ಏರಿದ ದರ ಬೇಡಿಕೆಯೊಂದಿಗೇ ಇಳಿಯುತ್ತದೆ ಎಂಬುದನ್ನು ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಹಂಗಾಮು ಕಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮತ್ತೆ ಬಣ್ಣ ಹಚ್ಚಿದ ಡಯಲ್

ಲಕ್ಷದ ವಾಚು ಎಲ್ಲರಿಗೂ ಎಟುಕುವುದಿಲ್ಲ. ಹಾಗಾಗಿ ನಮ್ಮ ಕಡೆಯ ಹುಡುಗರು ಬಣ್ಣದ ಡಯಲ್‌ನ ಹಳೆಯ ಎಚ್‌ಎಂಟಿ, ಫೇವರ್ ಲೂಬಾ, ಸೈಕೊಗಳನ್ನು ಮೊಬೈಲ್‌ನಲ್ಲಿ ಹುಡುಕಿ ತರಿಸುತ್ತಾರೆ. ಇಲ್ಲಿ ಹೆಚ್ಚು ಎಚ್ಚರ ಬೇಕು.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ತುಮಕೂರಿನಲ್ಲೂ ಕಾರ್ಖಾನೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಬಂತು. ಮಾಸಿದ ಡಯಲ್‌ನ ವಾಚಿಗೆ ಗಿರಾಕಿ ಇಲ್ಲ. ಆದ್ದರಿಂದ ಹಳೆಯ ಬಣ್ಣವನ್ನು ಕೆರೆದು, ಹೊಸ ಬಣ್ಣ ಹೊಡೆದು, ಮೇಲೆ ಹೆಸರು ಅಚ್ಚು ಹಾಕಿ ಮಾರುವ ಉದ್ಯೋಗ ಬೆಳೆಯಿತು. ಇದನ್ನು ರೀಡಯಲ್ ಎನ್ನುತ್ತಾರೆ. ಎಚ್‌ಎಂಟಿ ಪೈಲಟ್ ಎಂದರೆ ಕರಿ ಮುಖ, ಬಿಳಿ ಅಂಕೆ ಎಂದೇ ಹೆಸರು. ಕಿತ್ತಳೆ, ಗುಲಾಬಿ, ಗಿಳಿಹಸಿರಿನ ಪೈಲಟ್‌ಗಳು ಇಂದು ರಾಶಿ ರಾಶಿಯಾಗಿ ಕಾಣುವುದು ಈ ಉದ್ಯೋಗದಿಂದ. ಎಚ್‌ಎಂಟಿಯೇ ಬಣ್ಣದ ಡಯಲ್ ಮಾಡಿದ ಮಾದರಿಗಳೂ ಇವೆ, ಹಾಗಾಗಿ ಬಣ್ಣ ಕಂಡ ಮಾತ್ರಕ್ಕೆ ನಕಲಿ ಎನ್ನಲಾಗದು.

ಗುರುತು ಹಿಡಿಯುವುದು ಕಷ್ಟವಲ್ಲ. ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಒಯ್ದು ದೊಡ್ಡದು ಮಾಡಿ ನೋಡಿ. ಅಕ್ಷರದ ಅಂಚು ಚೆಲ್ಲಿದ ಶಾಯಿಯಂತೆ ದಪ್ಪಗಿದೆಯೇ? ನಿಮಿಷದ ಗೆರೆಗಳು ಅಂಕೆಗಳಿಗೆ ನೇರವಾಗಿ ಕೂರದೆ ಸರಿದಿವೆಯೇ? ತಾರೀಕಿನ ಕಿಟಕಿಯ ಅಂಚಿನಲ್ಲಿ ಬಣ್ಣ ಗಂಟುಗಟ್ಟಿದೆಯೇ? ಮೂವತ್ತು ನಲವತ್ತು ವರ್ಷ ದುಡಿದ ಕೇಸ್‌ನ ಮೇಲೆ ಗೀರುಗಳಿದ್ದು ಡಯಲ್ ಮಾತ್ರ ನಿನ್ನೆ ಬಂದಂತಿದೆಯೇ? ಒಂದಕ್ಕೆ ಹೌದು ಎಂದರೂ ಅನುಮಾನಿಸಿ. ಹಿಂಬದಿಯ ಕಾಲುಗಳನ್ನು ಕತ್ತರಿಸಿ ಡಯಲ್ ಅನ್ನು ಅಂಟಿನಿಂದ ಕೂರಿಸಿದ್ದರೆ ಆ ಡಯಲ್ ಬೇರೆ ವಾಚಿನದು.

ನನಗೂ ಒಮ್ಮೆ ಹಾಗೆ ಆಗಿದೆ. ಹಳದಿ ಮುಖದ ವಾಚೊಂದನ್ನು ಮೂಲ ಬಣ್ಣದ್ದೆಂಬ ಮಾತು ನಂಬಿ ತರಿಸಿದ್ದೆ. ದಾಜಿಬಾನ ಪೇಟೆಯ ಕಾಕಾ ಡಯಲ್ ಎತ್ತಿ ತೂತಿನ ಅಂಚನ್ನು ಉಗುರಿನಿಂದ ಮೀಟಿದರು. ಹಳದಿ ಚಕ್ಕೆ ಎದ್ದು ಅಡಿಯಲ್ಲಿ ಬೆಳ್ಳಿಬಣ್ಣ ಕಂಡಿತು. "ವಾಚು ಓಡುತ್ತದೆ, ಕಟ್ಟಿಕೊಳ್ಳಿ ತಮ್ಮಾ. ಮಾರುವಾಗ ಮಾತ್ರ ಇದನ್ನು ಹೇಳಿ ಮಾರಿ" ಎಂದರು. ರೀಡಯಲ್ ವಾಚು ಇಷ್ಟವಾದರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಮೂಲದ ದರ ಕೊಡುವುದು ತಪ್ಪು.

ಇದಕ್ಕೆ ವಿರುದ್ಧವಾದದ್ದೂ ಇದೆ. ದಶಕಗಳ ಬಿಸಿಲಿಗೆ ಕೆಲವು ಕರಿ ಡಯಲ್‌ಗಳು ಧಾರವಾಡ ಪೇಡೆಯ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಆ ಕಾಲದ ಬಣ್ಣದಲ್ಲಿದ್ದ ದೋಷವೇ ಅದಕ್ಕೆ ಕಾರಣ. ಸಮನಾಗಿ ಕಂದಾದ ಅಂಥ ಡಯಲ್‌ಗೆ ಟ್ರಾಪಿಕಲ್ ಎಂಬ ಹೆಸರು ಕೊಟ್ಟು ಸಂಗ್ರಹಕಾರರು ಹೆಚ್ಚು ದುಡ್ಡು ಕೊಡುತ್ತಾರೆ, ಯಾಕೆಂದರೆ ಅದನ್ನು ಯಾರೂ ಮತ್ತೆ ಮಾಡಲಾರರು.

ಒಂದು ಸುರಕ್ಷತೆಯ ಮಾತು. 1960ಕ್ಕೂ ಹಿಂದಿನ, ಕತ್ತಲಲ್ಲಿ ಹೊಳೆಯುವ ಅಂಕೆಗಳ ವಾಚಿನಲ್ಲಿ ವಿಕಿರಣ ಸೂಸುವ ಲೋಹವಾದ ರೇಡಿಯಂ ಇರಬಹುದು. ಹೊಳಪು ಆರಿದ್ದರೂ ವಿಕಿರಣ ಆರಿರುವುದಿಲ್ಲ. ಅದನ್ನು ಮನೆಯಲ್ಲಿ ಬಿಚ್ಚುವುದು, ಅಂಕೆಗಳನ್ನು ಕೆರೆಯುವುದು ಬೇಡವೇ ಬೇಡ.

ಬಿಲ್ಲಿನ ಮೇಲೆ ಸೇರುವ ಮೊತ್ತ

ವಿದೇಶಿ ವಾಚಿನ ಬೆಲೆಯಲ್ಲಿ ತೆರಿಗೆಯ ಪಾಲು ದೊಡ್ಡದು. ಆಮದಿಗೆ ಸಾಮಾನ್ಯ ಸುಂಕ ಶೇ 20, ಅದರ ಮೇಲೊಂದು ಮೇಲ್ತೆರಿಗೆ, ಎಲ್ಲ ಸೇರಿದ ಮೊತ್ತದ ಮೇಲೆ ಶೇ 18 ಜಿಎಸ್‌ಟಿ. ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ನಾಲ್ಕು ದೇಶಗಳ ಗುಂಪಿನೊಂದಿಗೆ ಭಾರತ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸ್ವಿಸ್ ವಾಚುಗಳ ಸುಂಕ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಇಳಿಯುತ್ತದೆ. 10 ಲಕ್ಷ ರೂಪಾಯಿ ಮೀರಿದ ವಾಚು ಕೊಂಡರೆ 2025ರ ಏಪ್ರಿಲ್ 22ರಿಂದ ಅಂಗಡಿಯವರು ಶೇ 1ರಷ್ಟನ್ನು ತೆರಿಗೆಯಾಗಿ ಸಂಗ್ರಹಿಸುತ್ತಾರೆ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ. ವರಮಾನ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂಬ ಮಾತಿಗೆ ಒಲಿಯಬೇಡಿ. ಬಿಲ್, ಗ್ಯಾರಂಟಿ ಕಾರ್ಡ್, ಡಬ್ಬಿ ಮೂರೂ ಇದ್ದರೆ ಡಯಲ್ ಮೂಲದ್ದೆಂದು ಮುಂದೆ ತೋರಿಸುವುದು ಸುಲಭ.

ಡಯಲ್ ಕೆಲಸ ನಮ್ಮ ದೇಶದಲ್ಲೂ ನಡೆಯುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಕೆಡಿಡಿಎಲ್ ಎಂಬ ಕಂಪನಿ ಹಿಮಾಚಲ ಪ್ರದೇಶದ ಪರ್ವಾಣೂವಿನಲ್ಲಿ ಡಯಲ್‌ಗಳನ್ನು, ಬೆಂಗಳೂರಿನಲ್ಲಿ ಮುಳ್ಳುಗಳನ್ನು ತಯಾರಿಸಿ ಸ್ವಿಸ್ ಕಂಪನಿಗಳಿಗೂ ಕಳುಹಿಸುತ್ತದೆ.

ಬಣ್ಣವನ್ನು ಉಳಿಸುವುದು

ಬ್ಯಾಡಗಿಯ ವ್ಯಾಪಾರಿಗಳು ಕಾಯಿಯ ಕೆಂಪು ಉಳಿಯಲೆಂದು ಅದನ್ನು ಶೀತಲಗೃಹದಲ್ಲಿ ಇಡುತ್ತಾರೆ. ಬಿಸಿಲು, ಕಾವು, ತೇವ ಬಣ್ಣದ ವೈರಿಗಳು. ಡಯಲ್‌ಗೂ ಅವೇ ವೈರಿಗಳು. ಲ್ಯಾಕರ್ ಡಯಲ್‌ನ ವಾಚನ್ನು ಕಿಟಕಿಯ ಬದಿಯಲ್ಲೋ ಕಾರಿನ ಮುಂದಿನ ಗಾಜಿನ ಕೆಳಗೋ ಬಿಡಬೇಡಿ. ಕೇಸ್‌ನಲ್ಲಿ ನೀರು ತಡೆಯುವ ರಬ್ಬರ್ ಬಳೆಗಳು ಕೆಲವು ವರ್ಷಕ್ಕೆ ಪೆಡಸಾಗುತ್ತವೆ. ಮಳೆಗಾಲಕ್ಕೆ ಮೊದಲು ಪರೀಕ್ಷೆ ಮಾಡಿಸಿ. ಗಾಜಿನ ಒಳಗೆ ಮಂಜು ಕಂಡರೆ ಅಂದೇ ರಿಪೇರಿಗೆ ಒಯ್ಯಿರಿ. ವಾರ ತಡೆದರೆ ಡಯಲ್ ಮೇಲೆ ಚುಕ್ಕೆ ಏಳುತ್ತದೆ, ಆ ಚುಕ್ಕೆ ಹೋಗುವುದಿಲ್ಲ.

ಮತ್ತೆ, ಸರ್ವೀಸ್‌ಗೆ ಕೊಡುವಾಗ ಡಯಲ್‌ಗೆ ಏನು ಮಾಡಬಾರದು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಚೆಂದ ಮಾಡಿಕೊಡುವ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಮೂಲ ಡಯಲ್‌ಗಳು ಹಾಳಾಗಿವೆ. ಅಪ್ಪನ ಜನತಾಕ್ಕೆ ಹೊಸ ಬಣ್ಣ ಹಾಕಿಸೋಣವೇ ಎಂದು ಅಂದು ನಾನೇ ಕೇಳಿದ್ದೆ. ಕಾಕಾ ಡಯಲ್ ಅನ್ನು ಚಿಮುಟದಲ್ಲಿ ಹಿಡಿದು, ಆರರ ಅಂಕೆಯ ಹತ್ತಿರದ ಆ ಕಲೆಯನ್ನು ಬೆಳಕಿಗೆ ತೋರಿಸಿ, "ಇದು ನಿಮ್ಮ ಅಪ್ಪನ ಕೈಯ ಬೆವರು" ಎಂದರು. ರಸೀದಿಯ ಮೇಲೆ ನೀಲಿ ಶಾಯಿಯಲ್ಲಿ ಬರೆದುಕೊಟ್ಟರು: ಎಣ್ಣೆ, ಸಫಾಯಿ, ಹೊಸ ಗಾಜು. ಡಯಲ್ ಇದ್ದಂತೆಯೇ.